ಕ್ಯಾಪ್ಟನ್‌ಬಾಯಿ ಸತ್ತ ಮೇಲೆ

ಬ್ಯಾಗು ಬಾಗಿಲ ಹತ್ತಿರ ತಯಾರಾಗಿ ನಿಂತಿತ್ತು, ಕೆಳಗೆ ಮಧ್ವೇಶ ಕಾರು ಚಾಲೂ ಮಾಡಿಕೊಂಡು ಕೂತಿದ್ದ, ಅವನ ತಾಯಿ ಅನ್ನಪೂರ್ಣಮ್ಮ ಮಾತ್ರ ಮಂಚ ಬಿಟ್ಟು ಏಳಲೊಲ್ಲರು. ನಾಳೆ ಬೆಳಿಗ್ಗೆ ಅವರಿಗೆ ಹೃದಯದ ಆಪರೇಶನ್. ಇವತ್ತು ಸಂಜೆಯೊಳಗೆ ಆಸ್ಪತ್ರೆ ಸೇರಬೇಕು. ತಪ್ಪಿದರೆ ಸರದಿ ಹೋಯಿತು, ಮತ್ತೊಂದು ಸರದಿ ಕಾಯುವ ತ್ರಾಣ ಆ ಹೃದಯಕ್ಕಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಮುದುಕಿಯ ಹಟ. ಹಟಕ್ಕೆ ಕಾರಣ ಸೊಸೆ ಅಂಬಾ, ಅಂದರೆ ಅಂಬಾ ಹೇಳಿದ ಕತೆ.

ಈ ಅಂಬಾಗೆ ಒಂದು ಹುಚ್ಚು. ಅವರಿದ್ದ ಮರಾಠಿ ಬಡಾವಣೆ ಕೋಥರೂಡದ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರೆಲ್ಲ ಮರಾಠಿ ಸೀರಿಯಲ್ಲಿನ ಅತ್ತೆ-ಸೊಸೆ ಜಗಳ ನೋಡುತ್ತಿದ್ದರೆ, ಇವಳು ನಕ್ಷತ್ರಗಳ ನಡುವೆ ಅಲೆಯುವ ಒಂದು ನೌಕೆಯ ಇಂಗ್ಲಿಷ್ ಧಾರಾವಾಹಿಗೆ ಗಂಟುಬಿದ್ದಿದ್ದಳು. ನೋಡಿ ಸುಮ್ಮನಾದರೆ ಚಿಂತೆಯಿರಲಿಲ್ಲ. ಅದರ ಅಭಿಮಾನಿಗಳ ಗುಂಪಿನಲ್ಲಿ ಕತೆ ಬರೆಯುವವರ ಮೇಲೆ ಉದ್ದುದ್ದ ಹರಿಹಾಯುತ್ತಿದ್ದಳು. ಅವಳ ತಕರಾರು ಒಂದೇ: ಈ ಜನ ಸತ್ತವರನ್ನು ಸಾಯಗೊಡುವುದಿಲ್ಲ. ಒಬ್ಬ ಸತ್ತರೆ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾರೆ. ಅದಾಗದಿದ್ದರೆ ಬೇರೊಂದು ವಿಶ್ವದಿಂದ ಥೇಟ್ ಅವನಂಥವನನ್ನೇ ಹಿಡಿದು ತರುತ್ತಾರೆ. ಏನೂ ಹೊಳೆಯದಿದ್ದರೆ ಎಲ್ಲ ಕನಸಾಗಿತ್ತು ಅಂದು ಕೈತೊಳೆದುಕೊಳ್ಳುತ್ತಾರೆ. ಹಾಗಾದರೆ ನಾನು ಅತ್ತದ್ದು ಯಾವ ಸುಖಕ್ಕೆ, ನನ್ನ ಕಣ್ಣೀರೇನು ಪುಕ್ಕಟೆ ಬಂದಿತ್ತೇ ಎಂದು ಅವಳ ಸಿಟ್ಟು. ಊಟಕ್ಕೆ ಕೂತಾಗಲೂ ಇದೇ ಪುರಾಣ; ಮಧ್ವೇಶ ಹೂಂಗುಟ್ಟುತ್ತ ಮೊಸರನ್ನ ಕಲಸುತ್ತಿದ್ದ.

ಮನಸ್ಸಿಟ್ಟು ಕೇಳುವವರು ಅತ್ತೆಯೊಬ್ಬರೇ. ಕಣ್ಣು ಮಂಜಾದ, ಇಂಗ್ಲಿಷ್ ಬಾರದ ಅವರಿಗೆ ಪ್ರತಿ ಶನಿವಾರ ಹೊಸ ಕಂತನ್ನು ಕನ್ನಡದಲ್ಲಿ ಹೇಳುವುದು ರೂಢಿಯಾಗಿಬಿಟ್ಟಿತ್ತು. ಅವರು ಕೈಕಾಲು ತೊಳೆದು, ಸೆರಗು ಹೊದ್ದು, ಪುರಾಣಕ್ಕೆ ಕೂತ ಹಾಗೆ ಕೂಡುತ್ತಿದ್ದರು. ನೌಕೆಯ ನಾಯಕಿಗೆ ಕ್ಯಾಪ್ಟನ್‌ಬಾಯಿ ಎಂದು ಹೆಸರಿಟ್ಟವರೂ ಅವರೇ. ಅವರ ತವರು ಧಾರವಾಡದಲ್ಲಿ ಶ್ರಾವಣ ಪೂರ್ತಿ ಪುರಾಣ ಓದಿಸುವ ಮನೆ. ಅಲ್ಲಿಯ ನೇಮ ಇಲ್ಲಿಯೂ ನಡೆಯಬೇಕು: ಸಾವಿನ ಪ್ರಸಂಗದಲ್ಲಿ ಆ ದಿನದ ಓದು ನಿಲ್ಲಿಸುವಂತಿಲ್ಲ. ಎಷ್ಟು ಹೊತ್ತಾದರೂ ಸರಿ, ಮುಂದೊಂದು ಮದುವೆಯೋ ಪಟ್ಟಾಭಿಷೇಕವೋ ಬರುವ ತನಕ ಓದಿಯೇ ಗ್ರಂಥ ಮುಚ್ಚಬೇಕು, ಇಲ್ಲವಾದರೆ ಕೇಳಿದವರಿಗೆ ಒಳ್ಳೆಯದಲ್ಲ.

ಮೊನ್ನೆ ಶನಿವಾರ ಬಂದದ್ದು ಈ ವರ್ಷದ ಕೊನೆಯ ಕಂತು. ಕ್ಯಾಪ್ಟನ್‌ಬಾಯಿ ಉರಿಯುತ್ತಿದ್ದ ಇಂಜಿನ್ ಕೋಣೆಗೆ ತಾನೇ ಹೊಕ್ಕು, ಒಳಗಿನಿಂದ ಬಾಗಿಲು ಹಾಕಿಕೊಂಡು, ನೌಕೆಯನ್ನು ಉಳಿಸಿ ಸತ್ತಳು. ಪರದೆ ಕಪ್ಪಾಯಿತು. ಅಂಬಾ ಕುಣಿಯುವುದೊಂದು ಬಾಕಿ. ಕೊನೆಗೂ ಈ ಪುಣ್ಯಾತ್ಮರಿಗೆ ಧೈರ್ಯ ಬಂತಲ್ಲ! ಅತ್ತೆಗೆ ಹೇಳುವಾಗ ಕತೆಗಾರರು ನಿಲ್ಲಿಸಿದಲ್ಲೇ ತಾನೂ ನಿಲ್ಲಿಸಿದಳು, ಅಲ್ಲಿ ನಿಲ್ಲಿಸುವುದರಲ್ಲೇ ಅದರ ಚಂದ ಇರುವುದು ಅಂದುಕೊಂಡು. ಆ ಹುರುಪಿನಲ್ಲಿ ಅತ್ತೆಯ ನೇಮ ಮರೆತೇಹೋಯಿತು. ಮುಂದೆ ರಕ್ತಪರೀಕ್ಷೆ, ಓಡಾಟ, ಬ್ಯಾಗು ತುಂಬುವ ಗಡಿಬಿಡಿ.

"ಸಾವಿನ ಮ್ಯಾಲೆ ನಿಲ್ಲಿಸಿ ಎದ್ದೀವಿ ಅಂಬಾ. ಹಿಂಗ ಎದ್ದಾಕಿ ನಾ ಆಪರೇಶನ್ನಿಗೆ ಹೋಗೂದಿಲ್ಲ," ಅಂದರು ಅನ್ನಪೂರ್ಣಮ್ಮ.

ಅಂಬಾ ಅದು ಟಿವಿಯಲ್ಲಿ ಬರುವ ಸುಳ್ಳು ಕತೆ ಎಂದಳು, ಮುಂದಿನ ಕಂತು ಬರುವುದು ಬರುವ ವರ್ಷ ಎಂದಳು. ಮುದುಕಿ ಜಗ್ಗಲಿಲ್ಲ. ಕೆಳಗೆ ಹಾರ್ನ್ ಕೇಳಿಸಿತು. ಅಂಬಾ ಕಿಟಕಿಗೆ ಹೋದಳು, ಮಂಚಕ್ಕೆ ಬಂದಳು, ಗಡಿಯಾರ ನೋಡಿದಳು. ಮತ್ತೆ ಹಾರ್ನ್. ಟ್ರಾಫಿಕ್ಕು ಏರುವ ಹೊತ್ತು. ತನ್ನ ಒಂದು ಕತೆಯ ದೆಸೆಯಿಂದ ಈ ಜೀವ ಹೋದರೆ? ಹಾಳಾಗಿಹೋಗಲಿ ತತ್ವ, ಎಂದು ಮಂಚದ ತುದಿಗೆ ಕೂತು ಶುರು ಮಾಡಿದಳು. ಕ್ಯಾಪ್ಟನ್‌ಬಾಯಿ ನಿಜವಾಗಿ ಸತ್ತಿರಲಿಲ್ಲ, ನೌಕೆಯವರು ಕಾಲವನ್ನು ಹಿಂದಕ್ಕೆ ತಿರುಗಿಸಿದರು, ಬಾಗಿಲು ತೆರೆಯಿತು. ಹೇಳುತ್ತ ಹೇಳುತ್ತ ಅವಳಿಗೇ ನಾಚಿಕೆಯಾಯಿತು.

ಅತ್ತೆ ಕೈಯೆತ್ತಿದರು. "ಸಾಕ್ಮಾಡು. ಸತ್ತಾಕಿನ್ನ ಎಬ್ಬಸು ಅಂತ ನಾ ಎಲ್ಲಿ ಅಂದೆ? ಹಿಂಗ ಮಾಡವರಿಗೆ ನೀನ ಬೈತಿದ್ದೆಲ್ಲಾ?"

"ಮತ್ತೇನ ಹೇಳ್ಲಿ ಅತ್ತಿ?"

"ಆಕಿ ಹೋದ ಮ್ಯಾಲೆ ಆಕಿ ಕುರ್ಚಿ ಮ್ಯಾಲೆ ಯಾರ ಕೂತ್ರು, ಅದನ್ನ ಹೇಳು. ಮುಂದ ನಡೀಬೇಕಲ್ಲ."

ಅಂಬಾ ಹೊಸದಾಗಿ ಶುರು ಮಾಡಿದಳು. ನೌಕೆಯಲ್ಲಿ ಒಬ್ಬ ಕಿರಿಯ ಅಧಿಕಾರಿಣಿ ಇದ್ದಳು, ಕ್ಯಾಪ್ಟನ್‌ಬಾಯಿಯ ಜೊತೆ ದಿನಾ ವಾದಕ್ಕೆ ಬೀಳುವವಳು. ಖಾಲಿ ಕುರ್ಚಿಯ ಹತ್ತಿರ ಬಹಳ ಹೊತ್ತು ನಿಂತಳು, ಕೂಡಲು ಧೈರ್ಯ ಬರಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಕೂತಳು. ಏನು ಅಪ್ಪಣೆ ಕೊಡಬೇಕೋ ತಿಳಿಯದೆ, ಎಲ್ಲರದೂ ಊಟವಾಯಿತೇ ಎಂದು ಕೇಳಿದಳು. ನೌಕೆ ಮುಂದೆ ಹೊರಟಿತು.

"ಆಕಿಗೆ ನಡಸಲಿಕ್ಕೆ ಬರ್ತದೇನು?"

"ಇಲ್ರಿ. ತಪ್ಪತಾಳ. ಕಲೀತಾಳ."

ಅನ್ನಪೂರ್ಣಮ್ಮ ಗ್ರಂಥ ಮುಚ್ಚುವಾಗಿನಂತೆ ಕೈಮುಗಿದರು. ಆಮೇಲೆ, ಇದು ಪಟ್ಟಾಭಿಷೇಕ ಆದಂಗ ಆತು, ನಡಿ ಎಂದು ಸೊಸೆಯ ಭುಜ ಹಿಡಿದು ಎದ್ದರು.

ಮರುದಿನ ಬೆಳಿಗ್ಗೆ ಅವರನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ ಮೇಲೆ ಅಂಬಾಗೆ ಕೂತಲ್ಲಿ ಕೂಡಲಾಗಲಿಲ್ಲ. ಫೋನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಕ್ಯಾಪ್ಟನ್ ಮರಳಿ ಬರಬೇಕೋ ಬೇಡವೋ ಎಂದು ಗುಂಪಿನಲ್ಲಿ ಕಾದಾಟ ಎದ್ದಿತ್ತು. ನೀನೇನು ಅನ್ನುತ್ತೀ ಎಂದು ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಅವಳು ಫೋನನ್ನು ಬ್ಯಾಗಿಗೆ ತುರುಕಿದಳು. ಹೊತ್ತು ಹೋಗದೆ ಮಧ್ವೇಶನೂ ಅದನ್ನೇ ಎತ್ತಿದ, ಆ ಕ್ಯಾಪ್ಟನ್ ಮುಂದಿನ ವರ್ಷ ಎದ್ದು ಬರುತ್ತಾಳೇನು ಎಂದು.

"ಬರ್ಲಿ," ಅಂದಳು ಅಂಬಾ, ಅತ್ತೆಯನ್ನು ಒಯ್ದ ಬಾಗಿಲ ಕಡೆ ನೋಡುತ್ತ.

ಅವನಿಗೆ ಆಶ್ಚರ್ಯ. ಸತ್ತವರು ಸತ್ತ ಹಾಗೇ ಇರಬೇಕು ಎಂದು ಊರಿಗೆಲ್ಲ ಸಾರಿದವಳು ನೀನೇ ಅಲ್ಲವೇ ಎಂದ.

"ಅಂದಿದ್ದೆ. ಈಗ ಅನ್ನೂದಿಲ್ಲ. ಕಾಲ ಹಿಂದಕ್ಕ ತಿರಗಸಲಿ, ಕನಸಾಗಿತ್ತು ಅನ್ನಲಿ, ಎಂಥಾ ಸುಳ್ಳರ ಹೇಳಲಿ. ಆಕಿ ಎದ್ದು ಬಂದ್ರ ಸಾಕು. ಆ ಕುರ್ಚಿ ಮ್ಯಾಲೆ ಕೂಡ್ಲಿಕ್ಕೆ ನನಗ ಇನ್ನೂ ಬರೂದಿಲ್ಲ."