ಸ್ವಂತ ಕೈಬರಹ

ರಾಮದುರ್ಗದ ಅಧ್ಯಯನ ಕೇಂದ್ರದಲ್ಲಿ ಸಂಘಮಿತ್ರಾ ಮೇಡಂ ಮೇಜಿನ ಮೇಲೆ ಅಸೈನ್‌ಮೆಂಟುಗಳ ಎರಡು ಗುಡ್ಡೆ ಮಾಡಿಟ್ಟಿದ್ದರು. ಹಿನಾಕೌಸರ ತನ್ನ ಕಟ್ಟನ್ನು ಮುಂದೆ ಹಿಡಿದಳು. ಅಂಗನವಾಡಿಯಿಂದ ನೇರ ಬಂದಿದ್ದಳು. ಸೆರಗಿಗೆ ಮಕ್ಕಳ ಉಪ್ಪಿಟ್ಟು ಅಂಟಿತ್ತು. ಮೇಡಂ ಮೂರು ಹಾಳೆ ತಿರುವಿ ನೋಡಿದರು.

"ಇದನ್ನ ಯಾರ ಕಡೆ ಬರೆಸೀರಿ?"

"ನಾನ ಬರದೇನ್ರಿ, ಮೇಡಂ."

"ಈ ಇಪ್ಪತ್ತಾರು ಮಂದೀನೂ ಹಂಗ ಅಂತಾರ." ಮೇಡಂ ದೊಡ್ಡ ಗುಡ್ಡೆಯ ಮೇಲೆ ಕೈಯಿಟ್ಟರು. "ಎಲ್ಲಾ ಒಂದ ಕೈ. ಉತ್ತರ ಮುಗಿದಲ್ಲೆ ಎರಡು ಗೆರಿ, ನಡುವ ಮೂರು ಚುಕ್ಕಿ. ನಿಮ್ಮದ್ರಾಗೂ ಅವ ಚುಕ್ಕಿ."

ಹಿನಾ ದೊಡ್ಡ ಗುಡ್ಡೆಯತ್ತ ನೋಡಿದಳು. ಚುಕ್ಕಿಗಳು ಅವಳವೇ. ಇಪ್ಪತ್ತಾರೂ ಅವಳೇ ಬರೆದದ್ದು.

"ನಾಳೆ ಸಂಜೀಕ ಪಟ್ಟಿ ವಿಶ್ವವಿದ್ಯಾಲಯಕ್ಕ ಹೋಗತೈತಿ. ಅಷ್ಟರಾಗ ನಿಮ್ಮ ಸ್ವಂತ ಕೈಲಿ ಬರದದ್ದು ತರ್ರಿ. ಇಲ್ಲಾಂದ್ರ ಪರೀಕ್ಷೆಗೆ ನಿಮ್ಮ ಹೆಸರು ಕಳಸೂದಿಲ್ಲ." ಮೇಡಂ ಕಟ್ಟನ್ನು ವಾಪಸ್ ತಳ್ಳಿದರು.

ಅಂಚೆ ಶಿಕ್ಷಣದ ಬಿ.ಎ.ಯಲ್ಲಿ ಇದು ಅವಳ ಕೊನೆಯ ವರ್ಷ. ಪದವಿ ಕೈಗೆ ಬಂದರೆ ಅಂಗನವಾಡಿ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕಬಹುದು. ಈ ಸಲ ತಪ್ಪಿದರೆ ಆ ಹುದ್ದೆಯ ವಯೋಮಿತಿ ದಾಟುತ್ತದೆ. ಬಸವಲಿಂಗನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಬೇರೆಯವರ ಅಸೈನ್‌ಮೆಂಟ್ ಬರೆದುಕೊಟ್ಟೇ ಅವಳು ಮೂರು ವರ್ಷದ ಫೀಸು ಕಟ್ಟಿದ್ದಳು. ಮುಂಚೆ ಕೇಂದ್ರದಲ್ಲಿ ಮೇಡಂ ಕುರ್ಚಿಯಲ್ಲಿದ್ದವರು ಪುಟ ಎಣಿಸಿ ಸಹಿ ಹಾಕುತ್ತಿದ್ದರು. ಸಂಘಮಿತ್ರಾ ಮೇಡಂ ಓದುತ್ತಿದ್ದರು.

ಹಿನಾ ಅಂಗಡಿಗೆ ಬಂದು ಹೇಳಿದಾಗ ಬಸವಲಿಂಗನಿಗೆ ಇದೆಲ್ಲ ಏನೂ ಅನಿಸಲಿಲ್ಲ. "ನಿಂದು ನಿನ್ನ ಕೈಯಾಗ ಇರಬಾರದು, ಅಷ್ಟ ಹೌದಲ್ಲೋ? ನಮ್ಮ ಅಂಗಡಿ ಕೆಲಸದ ಕಾಡವ್ವನ ಕಡೆ ಕೊಡು. ಮುಂಜಾನಿ ಅನ್ನೂದ್ರಾಗ ನಕಲು ಮಾಡಿ ಇಡತಾಳ."

"ನಂದು ನಾನ ಬರದದ್ದರಿ, ಅಣ್ಣಾ."

"ಅದಕ್ಕ ಸಿಕ್ಕೊಂಡೀ."

ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದ ಸತ್ಯಪ್ಪ ಚಹಾದ ಲೋಟ ಕೆಳಗಿಟ್ಟ. ಬಸ್ ಡಿಪೋದ ಮೆಕ್ಯಾನಿಕ್, ಅವಳಪ್ಪನ ಗೆಳೆಯ. ಇಪ್ಪತ್ತಾರರಲ್ಲಿ ಅವನದೂ ಒಂದು. "ನೀ ಬಾಯಿ ಬಿಟ್ಟಿ ಅಂದ್ರ ನಂದೂ ಹೋಗತೈತಿ, ತಂಗಿ. ದಿನಾ ಬಸ್ಸಿನ ಬುಡಕ ಮಲಗಾಂವ ನಾ. ಸ್ಪ್ಯಾನರ್ ಹಿಡದ ಬಳ್ಳು ಪೆನ್ನಿಗೆ ಬಗ್ಗೂದಿಲ್ಲ. ಹಂಗಂತ ನನಗ ಡಿಗ್ರಿ ಬ್ಯಾಡೇನು?"

"ನಿಮ್ಮ ಉತ್ತರದಾಗ ಏನೈತಿ ಅಂತ ಗೊತ್ತೈತೇನ್ರಿ, ಕಾಕಾ?"

ಸತ್ಯಪ್ಪ ಲೋಟ ಮತ್ತೆ ಎತ್ತಿಕೊಂಡ. "ಇಪ್ಪತ್ತು ಪುಟ ಐತಿ."

ಬಸವಲಿಂಗ ನಕ್ಕ. ಹಿನಾಗೆ ನಗು ಬರಲಿಲ್ಲ. ಆದರೂ ತನ್ನ ಕಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು.

ಬೆಳಿಗ್ಗೆ ನಕಲು ಸಿದ್ಧವಾಗಿತ್ತು. ಕಾಡವ್ವನ ಅಕ್ಷರ ದುಂಡಗೆ, ಚೆಂದ. ಗೆರೆಯಿಲ್ಲ, ಚುಕ್ಕಿಯಿಲ್ಲ. ಮೊದಲ ಪುಟದಲ್ಲಿ 'ಇದು ನನ್ನ ಸ್ವಂತ ಕೈಬರಹವೆಂದು ದೃಢೀಕರಿಸುತ್ತೇನೆ' ಎಂಬ ಸಾಲನ್ನೂ ಕಾಡವ್ವನೇ ಬರೆದಿದ್ದಳು. ಕೆಳಗೆ ಸಹಿಗೆ ಜಾಗ ಬಿಟ್ಟಿದ್ದಳು. ಹಿನಾ ಆ ಸಾಲನ್ನು ಎರಡು ಸಲ ಓದಿದಳು. ಪೆನ್ನಿನ ಟೊಪ್ಪಿಗೆ ತೆಗೆದಳು, ಮತ್ತೆ ಹಾಕಿದಳು. ನಕಲನ್ನು ಬಸವಲಿಂಗನ ಮೇಜಿನ ಮೇಲೇ ಬಿಟ್ಟು, ತನ್ನ ಹಳೆಯ ಕಟ್ಟನ್ನು ಎತ್ತಿಕೊಂಡಳು.

"ಹುಚ್ಚಿ ಅದೀಯೇನು?" ಅವನ ದನಿ ರಸ್ತೆಯವರೆಗೂ ಕೇಳಿತು. "ನಾಳಿಂದ ಇಲ್ಲಿ ಕಾಲಿಡಬ್ಯಾಡ."

ಕೇಂದ್ರದಲ್ಲಿ ಅವಳು ನಿಂತೇ ಹೇಳಿದಳು. "ಇಪ್ಪತ್ತಾರೂ ನಾನ ಬರದೇನ್ರಿ, ಮೇಡಂ. ರೊಕ್ಕಾ ತಗೊಂಡು. ಇಪ್ಪತ್ತೇಳನೇದು ನಂದ."

ಮೇಡಂ ಒಂದು ಖಾಲಿ ಹಾಳೆ ಅವಳತ್ತ ಸರಿಸಿ, ಅಲ್ಲೇ ಉತ್ತರ ಬರೆಯಲು ಒಂದು ಪ್ರಶ್ನೆ ಹೇಳಿದರು. ಹಿನಾ ಬರೆದಳು. ಮುಗಿದಾಗ ಕೈ ತಾನಾಗಿ ಎರಡು ಗೆರೆ ಎಳೆದು, ನಡುವೆ ಮೂರು ಚುಕ್ಕಿ ಇಟ್ಟಿತು.

"ನಿಮ್ಮ ಹೆಸರು ಪಟ್ಟ್ಯಾಗ ಹಾಕತೇನಿ," ಮೇಡಂ ಅಂದರು. "ನೀವು ಹೇಳಿದ್ದನ್ನೂ ಬರದು ಕಳಸತೇನಿ. ಅವರು ಏನು ಮಾಡತಾರೋ ನನಗ ಗೊತ್ತಿಲ್ಲ. ಉಳಿದವರು ದಂಡ ಕಟ್ಟಿ ಒಂದು ವಾರದಾಗ ತಾವ ಬರದು ಕೊಡಲಿ. ದಂಡದವರ ಪಟ್ಟಿ ಆಮ್ಯಾಲೆ ಹೋಗತೈತಿ."

"ಆಗಲಿರಿ."

ಹೊರಗೆ ಮೆಟ್ಟಿಲ ಮೇಲೆ ಸತ್ಯಪ್ಪ ನಿಂತಿದ್ದ. ಬಸವಲಿಂಗನ ಫೋನು ಬಂದದ್ದೇ ಡ್ಯೂಟಿಯಿಂದ ಎದ್ದು ಬಂದಿದ್ದ, ಉಗುರಿನಲ್ಲಿ ಗ್ರೀಸು.

"ಕೆಡಿಸಿದೆಲ್ಲವಾ. ನಿಂದಂತೂ ಕೆಡಿಸ್ಕೊಂಡಿ, ನಂದೂ ಕೆಡಿಸಿದಿ."

"ಮತ್ತ ಬರದು ಕೊಡಾಕ ಒಂದು ವಾರ ಐತ್ರಿ, ಕಾಕಾ."

"ವಾರದಾಗ ಇಪ್ಪತ್ತು ಪುಟ? ನನ್ನ ಹೆಸರು ಬರ್ಯಾಕ ನನಗ ಅರ್ಧ ತಾಸು ಬೇಕು."

ಹಿನಾ ಮೆಟ್ಟಿಲ ಮೇಲೆ ಕೂತು ಚೀಲದಿಂದ ಖಾಲಿ ಹಾಳೆ ತೆಗೆದಳು. ಪೆನ್ನು ಅವನತ್ತ ಚಾಚಿದಳು.

"ಕುಂದರ್ರಿ. ಪಾಠ ನಾ ತಿಳಿಸಿ ಹೇಳತೇನಿ. ನೀವ ಬರೀರಿ."

"ತಪ್ಪಾದ್ರ?"

"ತಪ್ಪಾದ್ರ ಆ ತಪ್ಪಾರ ನಿಮ್ಮದ ಇರತೈತಿ."

ಸತ್ಯಪ್ಪ ಬಸ್‌ಸ್ಟ್ಯಾಂಡಿನ ಕಡೆ ನೋಡಿದ. ಒಂದು ಬಸ್ಸು ಬಂತು, ಹೋಯಿತು. ಆಮೇಲೆ ಬೆರಳುಗಳನ್ನು ಖಾಕಿ ಪ್ಯಾಂಟಿಗೆ ಒರೆಸಿಕೊಂಡು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

"ಮೊದಲನೇ ಪ್ರಶ್ನೆ ಏನೈತಿ, ಓದು."