ಎಡಗೈಗೊಂದು ಚಾಕು

ದುದ್ದದ ವನಜಾ ಹುಟ್ಟಾ ಎಡಚಿ. ಊಟವನ್ನೇನೋ ಬಲಗೈಯಲ್ಲಿ ರೂಢಿ ಮಾಡಿಕೊಂಡಿದ್ದಳು. ಹೆಚ್ಚುವುದು, ಕೊಯ್ಯುವುದೆಲ್ಲ ಎಡಗೈಯಲ್ಲೇ. ಗೆಜ್ಜಲಗೆರೆಯ ರಬ್ಬರ್ ಕಾರ್ಖಾನೆಗೆ ತಾತ್ಕಾಲಿಕವಾಗಿ ಸೇರಿದ ಮೇಲೆ ಅದೇ ಅವಳಿಗೆ ಮುಳುವಾಯಿತು.

ಅಚ್ಚಿನಿಂದ ಬರುವ ಪಂಪಿನ ವಾಷರುಗಳ ಅಂಚಿಗೆ ತೆಳ್ಳನೆಯ ರಬ್ಬರ್ ಪೊರೆ ಅಂಟಿಕೊಂಡಿರುತ್ತಿತ್ತು. ಅದನ್ನು ಪುಟ್ಟ ಚಾಕುವಿನಿಂದ ಸುತ್ತಲೂ ಸವರಿ ತೆಗೆಯಬೇಕು. ಪೊರೆ ಉಳಿದರೆ ನೀರು ಸೋರುತ್ತದೆ. ಚಾಕು ಜಾರಿದರೆ ವಾಷರೇ ದಂಡ. ಮಿಕ್ಕ ಹೆಂಗಸರ ಕೈಯಲ್ಲಿ ಪೊರೆ ದಾರದ ಹಾಗೆ ಬಿಚ್ಚಿಕೊಂಡು ಬೀಳುತ್ತಿದ್ದರೆ, ವನಜಳ ಚಾಕು ವಾಷರಿನ ಮೈಗೇ ಬಾಯಿ ಹಾಕುತ್ತಿತ್ತು.

"ಈ ವಾರ ನೋಡ್ತೀನಿ ಕಣಮ್ಮ. ಸರಿಹೋಗ್ಲಿಲ್ಲ ಅಂದ್ರೆ ನನ್ ಕೈಲೇನೂ ಇಲ್ಲ," ಎಂದ ಸೂಪರ್‌ವೈಸರ್ ಸಂತೋಷ್.

ಬಲಗೈಯಲ್ಲಿ ಹಿಡಿದು ನೋಡಿದಳು. ಹೆಬ್ಬೆರಳು ಕುಯ್ದುಕೊಂಡಿತು. ಪಕ್ಕದಲ್ಲಿ ಕೂರುತ್ತಿದ್ದ ಮದ್ದೂರಿನ ತರನ್ನುಮ್ ಬೆರಳಿಗೆ ಬಟ್ಟೆ ಸುತ್ತಿ, ಅವಳ ಚಾಕುವನ್ನು ಬೆಳಕಿಗೆ ಹಿಡಿದಳು.

"ಅಕ್ಕ, ಇದಕ್ಕೆ ಒಂದೇ ಮಗ್ಗುಲಿಗೆ ಸಾಣೆ ಹಿಡ್ದವ್ರೆ. ಬಲಗೈಯವ್ರಿಗೆ ಸರಿ. ನಿಮ್ ಕೈಲಿ ಒಳಕ್ಕೇ ಎಳೀತದೆ. ನಮ್ಮೆಜಮಾನ್ರು ಬೇರೆ ಮಾಡ್ಕೊಡ್ತಾರೆ ಬನ್ನಿ."

"ಬ್ಯಾಡ ಬುಡವ್ವ, ನಿಮ್ಗ್ಯಾಕೆ ತೊಂದ್ರೆ," ಎಂದಳು ವನಜಾ. ಇದುವರೆಗೆ ಮೇಷ್ಟ್ರು, ಅತ್ತೆ, ಕಂಡಕಂಡವರೆಲ್ಲ ಕೈ ಬದಲಾಯಿಸು ಅಂದಿದ್ದರು. ಚಾಕು ಬದಲಾಯಿಸೋಣ ಅಂದವಳು ಇವಳೊಬ್ಬಳೇ.

ಸಂಜೆ ತರನ್ನುಮ್ ಅವಳನ್ನು ಬಿಡದೆ ಮದ್ದೂರಿಗೆ ಕರೆದೊಯ್ದಳು. ಗಂಡ ವಾಜಿದ್ ಬೈಕ್ ಮೆಕ್ಯಾನಿಕ್ಕು. ವಿಷಯ ಕೇಳಿ, ಮುರಿದ ಗರಗಸದ ಬ್ಲೇಡೊಂದನ್ನು ಸಾಣೆಚಕ್ರಕ್ಕೆ ಹಿಡಿದ. ಕಿಡಿ ಹಾರಿತು. ರೂಢಿಬಲದಿಂದ ಮತ್ತದೇ ಬಲಗೈ ಚಾಕು ತಯಾರಾಯಿತು!

"ಇಷ್ಟೊತ್ತು ನಾನ್ ಹೇಳಿದ್ದೇನು, ನೀವ್ ಮಾಡಿದ್ದೇನು?" ತರನ್ನುಮ್ ಬಿದ್ದುಬಿದ್ದು ನಕ್ಕಳು. ವಾಜಿದ್ ತಲೆ ಕೆರೆದುಕೊಂಡು ಇನ್ನೊಂದು ಬ್ಲೇಡು ತಗೊಂಡ. ಈ ಸಲ ವನಜಳ ಕೈಗೇ ಕೊಟ್ಟು, ಹಳೇ ಟ್ಯೂಬಿನ ಮೇಲೆ ಎಳೆಸಿ ನೋಡಿ, ಸಾಣೆ ತಿದ್ದಿದ. ಹಿಡಿಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಟ್ಟ.

ಮರುದಿನ ಅವಳ ಕೈಯಿಂದಲೂ ಪೊರೆ ತುಂಡಾಗದೆ ಸುರುಳಿಸುರುಳಿಯಾಗಿ ಬಿತ್ತು. ಮೊದಮೊದಲು ನಿಧಾನ; ಮಧ್ಯಾಹ್ನಕ್ಕೆಲ್ಲ ಕೈ ಕುದುರಿತು. ಸಂತೋಷ್ ಬಂದು ವಾಷರನ್ನು ಬಗ್ಗಿಸಿ, ಅಂಚಿನ ಮೇಲೆ ಉಗುರಾಡಿಸಿ ನೋಡಿದ. ಆಮೇಲೆ ಚಾಕು ನೋಡಿದ. ಹೊರಗಿನ ಸಾಮಾನು ತಂದಿದ್ದಕ್ಕೆ ಬೈಯುತ್ತಾನೆಂದು ವನಜಾ ಅಂದುಕೊಂಡಳು.

"ಚೆನ್ನಾಗಿದ್ಯಲ್ಲ! ಸ್ಟೋರಿನವ್ರಿಗೂ ಇಂಥವೆರಡು ಮಾಡ್ಸಕ್ಕೆ ಹೇಳ್ತೀನಿ," ಎಂದ. "ನೀವು ಆ ತುದಿಲಿ ಕೂತ್ಕೊಳಿ, ಮೊಣಕೈ ತಗಲಲ್ಲ. ಸೋಮವಾರದಿಂದ ಕಾಯಂ."

ತರನ್ನುಮ್ ಮೇಜಿನ ಕೆಳಗೆ ಅವಳ ಕಾಲು ತುಳಿದಳು.

ಮಂಡ್ಯದ ಬಸ್‌ಸ್ಟ್ಯಾಂಡಿನಿಂದ ವನಜಾ ಗಂಡ ಪುಟ್ಟಸ್ವಾಮಿಗೆ ಫೋನ್ ಮಾಡಿದಳು.

"ಕೆಲ್ಸ ಕಾಯಂ ಆಯ್ತು ಕಣ್ರೀ! ಬಸ್ಸು ತಡ ಆಯ್ತದೆ, ಎಸರು ಇಟ್ಟಿರಿ. ಬಂದು ಮುದ್ದೆ ತಿರುವ್ತೀನಿ."

"ತಿರುವಿ ಆಯ್ತು, ನೀ ಬಾ," ಎಂದ ಪುಟ್ಟಸ್ವಾಮಿ. "ಗಂಟಾಗ್ಬುಟ್ಟದೆ, ಬೈಬ್ಯಾಡ."