ಗಂಡನ ಹೆಸರು

“ಮುಂದಿನವರು ಯಾರ? ಹೇಳ್ರಿ, ಲಗೂ ಹೇಳ್ರಿ!”

ಪಕ್ಕದ ಮನೆಯ ಸಾವಕ್ಕ ಚಪ್ಪಾಳೆ ತಟ್ಟಿದಾಗ ಅನುಸೂಯಾ ಗೋಡೆಗೆ ಒತ್ತಿ ಕೂತಳು. ಬಸುರಿ ನಾದಿನಿ ಪ್ರಾಜಕ್ತಾಳ ಕುಬಸ. ಉಗಾರ ಬುದ್ರುಕ ಊರಿನ ಅರ್ಧ ಹೆಂಗಸರು ಪಡಸಾಲೆಯಲ್ಲೇ ಇದ್ದರು. ಹಸಿರು ಬಳೆ, ಮಲ್ಲಿಗೆ, ಕಿವಿ ಗುಂಯ್ ಎನ್ನುವ ಗದ್ದಲ! ಒಬ್ಬೊಬ್ಬರೇ ಪ್ರಾಸ ಕೂಡಿಸಿ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ಹೇಳಿದವರ ಬಾಯಿಗೆ ಅತ್ತೆ ಚನ್ನವ್ವ ಶೇಂಗಾ ಹೋಳಿಗೆ ಇಡುತ್ತಿದ್ದಳು.

ಹೋದ ವರ್ಷ, ತನ್ನ ಮದುವೆಯ ಮರುದಿನ, ಇದೇ ಪಡಸಾಲೆಯಲ್ಲಿ ಅನುಸೂಯಾ ಗಾಬರಿಯಲ್ಲಿ ಗಂಡನ ಬದಲು ಮೈದುನ ದುಂಡೇಶನ ಹೆಸರು ಹೇಳಿಬಿಟ್ಟಿದ್ದಳು. ನಕ್ಕವರು ಹೊಟ್ಟೆ ಹಿಡಿದು ನಕ್ಕು, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗಿ ಮರೆತರು. ಅವಳ ತಲೆಯಲ್ಲಿ ಮಾತ್ರ ಆ ನಗೆ ನಿಲ್ಲಲಿಲ್ಲ. ರೊಟ್ಟಿ ಬಡಿಯುವಾಗ ಅದೇ, ಕಬ್ಬಿನ ಹೊಲದ ದಾರಿಯಲ್ಲಿ ಅದೇ. ಹಾಗೇಕೆ ಅಂದೆ, ಮಂದಿ ಏನು ತಿಳಿದುಕೊಂಡರೋ... ನಿದ್ದೆ ಹಾರಿಹೋಯಿತು, ಊಟ ಸೇರದಾಯಿತು. ಬಾಗಿಲಿಗೆ ಯಾರಾದರೂ ಬಂದರೆ ಒಳಕೋಣೆ ಸೇರುವಳು.

ಕಡೆಗೆ ಗಂಡನೇ ಅಥಣಿಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದ. “ಎಮ್ಮಿ ಮೆಲಕ ಹಾಕಿ ನುಂಗತೈತಿ. ನಿಮ್ಮ ಮಿದುಳು ನುಂಗವಲ್ದು, ಬರೇ ಅಗ್ಯಾಕತ್ತೈತಿ,” ಎಂದಿದ್ದರು ಆಕೆ. “ಮಂದಿ ನಕ್ಕಾಗ ಅಪಾಯ ಅಂತ ಅದು ಬಾರಿಸಿದ ಗಂಟಿ ಇನ್ನೂ ನಿಂತಿಲ್ಲ. ಇದು ಬ್ಯಾನಿ, ನಿಮ್ಮ ತಪ್ಪಲ್ಲ. ಗುಳಗಿ ತಗೋರಿ, ಮೆಲ್ಲಕ ಮಂದ್ಯಾಗ ಕೂಡ್ರಿ.”

ಗುಳಿಗೆಯಿಂದ ನಿದ್ದೆ ಮರಳಿತ್ತು. ಮಂದಿಯಲ್ಲಿ ಕೂತದ್ದು ಇಂದೇ ಮೊದಲು. ಈ ಸಲ ತಪ್ಪಿದರೆ ಮತ್ತೆ ಒಳಕೋಣೆಯೇ ಗತಿ ಎಂದು ಅವಳಿಗೆ ಗೊತ್ತಿತ್ತು.

ಸರದಿ ಬಂತು. ಸಾವಕ್ಕ ಅವಳ ಮುಖ ನೋಡಿ ದನಿ ಇಳಿಸಿದಳು. “ಅಕಿ ಇರ್ಲಿ ಬಿಡ್ರಿ, ಪಾಪ. ಮುಂದಿನವರು ಹೇಳ್ರಿ.”

ಪಾಪವಂತೆ! ನಗೆಗಿಂತ ಅದೇ ಹೆಚ್ಚು ಚುಚ್ಚಿತು. ಅನುಸೂಯಾ ದಡಕ್ಕನೆ ಎದ್ದು ನಿಂತಳು.

“ನಂದು ಉಳದೈತ್ರಿ!”

ತಲೆಗಳೆಲ್ಲ ಅವಳ ಕಡೆ ತಿರುಗಿದವು.

“ಹ್ವಾದ ವರ್ಸ ನಿಮ್ಮ ಮುಂದ ತಪ್ಪಿತ್ತು ಹೆಸರ,
ಈ ವರ್ಸ ಎದಿ ತಟ್ಟಿ ಹೇಳ್ತೀನಿ, ನನ್ನ ರಾಯರು ಈಶ್ವರ!”

ಪಡಸಾಲೆಯಲ್ಲಿ ನಗೆ ಸಿಡಿಯಿತು. ಅದೇ ನಗೆ, ಅದೇ ಸಾವಕ್ಕನ ದನಿ ಎಲ್ಲರಿಗಿಂತ ಮೇಲೆ. ಆದರೆ ಈ ಸಲ ಅದರಲ್ಲಿ ಅನುಸೂಯಾಳ ನಗೆಯೂ ಇತ್ತು. ಖುಷಿಗೆ ಅವಳ ಮೈ ಝುಂ ಎಂದಿತು.

ಚನ್ನವ್ವ ಹೋಳಿಗೆಯನ್ನು ಬಾಯಿಗಿಟ್ಟಳು. ಅನುಸೂಯಾ ಅಗಿದಳು, ನುಂಗಿದಳು, ಮತ್ತೆ ಕೈ ಚಾಚಿದಳು.

“ಅತ್ತಿ, ಇನ್ನೊಂದ ಕೊಡ್ರಿ.”